ಹಿಮದ ಫೋಟೊ ಬೂದು ಬಣ್ಣಕ್ಕೆ ಬಾರದಂತೆ ತೆಗೆಯುವುದು ಹೇಗೆ? ಗುಲ್ಮಾರ್ಗ್‌ಗೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಚಳಿಗಾಲದಲ್ಲಿ ಕಾಶ್ಮೀರಕ್ಕೆ ಹೋಗಿ ಬಂದವರ ಫೋಟೊಗಳ ಬಗ್ಗೆ ಮೂರು ದೂರು ಮಾಮೂಲಿ. ಹಿಮ ಬೂದು ಬಣ್ಣಕ್ಕೆ ಬಂದಿದೆ. ಇಲ್ಲವೇ ಇಡೀ ಫೋಟೊಗೆ ನೀಲಿ ಹೊಡೆದಿದೆ. ಇಲ್ಲವೇ ಎಲ್ಲ ಸರಿಯಾಗಿದೆ, ಆದರೆ ನೋಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಕ್ಯಾಮೆರಾ ಬದಲಾಯಿಸಿದರೂ ಈ ದೂರು ಹೋಗುವುದಿಲ್ಲ. ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಹೆಚ್ಚಿನವರು ಚೆಂದದ ಜಾಗ ಕಂಡ ತಕ್ಷಣ ಕ್ಲಿಕ್ ಮಾಡುತ್ತಾರೆ, ಉಳಿದದ್ದನ್ನು ಎಡಿಟಿಂಗ್‌ಗೆ ಬಿಡುತ್ತಾರೆ. ಹಿಮದಲ್ಲಿ ಅದು ನಡೆಯುವುದಿಲ್ಲ. ಮೊದಲು ಬೆಳಕು, ಆಮೇಲೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದು), ಆಮೇಲೆ ಫ್ರೇಮ್, ಕೊನೆಗೆ ಬಣ್ಣ. ಈ ಕ್ರಮ ತಪ್ಪಿಸಬೇಡಿ.

ಉದಾಹರಣೆಗಳೆಲ್ಲ ಗುಲ್ಮಾರ್ಗ್‌ನವು. ನಮ್ಮ ಕಡೆಯಿಂದ ಹಿಮ ನೋಡಲು ಹೋಗುವವರಲ್ಲಿ ಬಹಳ ಜನ ಅಲ್ಲಿಗೇ ಹೋಗುತ್ತಾರೆ. ಮನಾಲಿಗೋ ಔಲಿಗೋ ಹೊರಟಿದ್ದರೂ ಹಂತಗಳು ಇವೇ.

## ಹಂತ 1: ಊರಲ್ಲೇ ಅಭ್ಯಾಸ ಮಾಡಿ

ಒಂದು ಬಿಳಿ ಪಂಚೆಯನ್ನು ಬಿಸಿಲಿಗೆ ಹರಡಿ. ಫ್ರೇಮಿನಲ್ಲಿ ಪಂಚೆ ಬಿಟ್ಟು ಬೇರೇನೂ ಬಾರದ ಹಾಗೆ ಆಟೋ ಮೋಡ್‌ನಲ್ಲಿ ಒಂದು ಫೋಟೊ ತೆಗೆಯಿರಿ. ಪಂಚೆ ಮಾಸಿದಂತೆ ಕಾಣುತ್ತದೆ. ಈಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು (ಕ್ಯಾಮೆರಾ ಆರಿಸಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ +/− ಗುಂಡಿ) +1ಕ್ಕೆ ಏರಿಸಿ ತೆಗೆಯಿರಿ, ಆಮೇಲೆ +1.7ಕ್ಕೆ, ಆಮೇಲೆ +2.3ಕ್ಕೆ. ಯಾವ ಹಂತದಲ್ಲಿ ಬಿಳಿ ನಿಜವಾಗಿ ಬಿಳಿಯಾಯಿತು, ಯಾವ ಹಂತದಲ್ಲಿ ನೇಯ್ಗೆಯೇ ಕಾಣದೆ ಹೋಯಿತು ನೋಡಿಕೊಳ್ಳಿ. ನಿಮ್ಮ ಕ್ಯಾಮೆರಾದ ಮಿತಿ ಆ ಎರಡರ ನಡುವೆ ಇದೆ.

ಇದಕ್ಕೆ ಕಾರಣ ಸರಳ. ಎದುರಿಗೆ ಏನೇ ಇದ್ದರೂ ಅದು ಮಧ್ಯಮ ಬೂದು, ಅಂದರೆ ಬೆಳಕಿನ ಸುಮಾರು 18 ಶೇಕಡಾ ಹಿಂತಿರುಗಿಸುವ ವಸ್ತು ಅಂತ ಕ್ಯಾಮೆರಾದ ಮೀಟರ್, ಅಂದರೆ ಬೆಳಕು ಅಳೆಯುವ ಭಾಗ, ನಂಬಿಕೊಂಡಿರುತ್ತದೆ. ಹೊಸ ಹಿಮ 80 ಶೇಕಡಾಕ್ಕೂ ಜಾಸ್ತಿ ಬೆಳಕನ್ನು ವಾಪಸ್ ಕಳಿಸುತ್ತದೆ. ಕ್ಯಾಮೆರಾ ಹೆದರಿ ಬೆಳಕು ಕಡಿಮೆ ಮಾಡುತ್ತದೆ, ಹಿಮ ಬೂದು ಬಣ್ಣಕ್ಕೆ ಬರುತ್ತದೆ.

ನಂದಿ ಬೆಟ್ಟದಲ್ಲೋ ಮುಳ್ಳಯ್ಯನಗಿರಿಯಲ್ಲೋ ಡಿಸೆಂಬರ್ ಮುಂಜಾನೆ ಮಂಜು ಮುಸುಕಿದಾಗಲೂ ಇದೇ ಅಭ್ಯಾಸ ಮಾಡಬಹುದು. ಮಂಜೂ ಮೀಟರ್‌ಗೆ ಹಾಗೇ ಮೋಸ ಮಾಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡೇ ಅಭ್ಯಾಸ ಮಾಡಿ. ಸುಮ್ನೆ ಹೇಳುತ್ತಿಲ್ಲ. ಮೈನಸ್ ಡಿಗ್ರಿಯಲ್ಲಿ ಗ್ಲೌಸ್ ತೆಗೆದು ಮೆನು ಹುಡುಕುವುದು ಎರಡನೇ ನಿಮಿಷಕ್ಕೇ ಸಾಕಾಗಿ ಹೋಗುತ್ತದೆ.

## ಹಂತ 2: ಬೇಕಾದ ಸಾಮಾನು

ಹೊಸ ಲೆನ್ಸ್ ಕೊಳ್ಳುವ ಮುಂಚೆ ಬ್ಯಾಟರಿ ಕೊಳ್ಳಿ. ಚಳಿಗೆ ಲಿಥಿಯಂ ಬ್ಯಾಟರಿಯ ಕಸುವು ಇಳಿಯುತ್ತದೆ. ಐಫೋನ್ ಅನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಳಸಬೇಕು ಅಂತ ಆಪಲ್ ಕಂಪನಿಯೇ ಹೇಳುತ್ತದೆ. ಗುಲ್ಮಾರ್ಗ್‌ನ ಬೆಳಗಿನ ಚಳಿ ಅದಕ್ಕಿಂತ ಎಷ್ಟೋ ಕೆಳಗೆ. 40 ಶೇಕಡಾ ಚಾರ್ಜ್ ತೋರಿಸುತ್ತಿದ್ದ ಫೋನ್ ಇದ್ದಕ್ಕಿದ್ದಂತೆ ಆರಿಹೋದರೆ ಗಾಬರಿ ಬೇಡ, ಮೈಗೆ ತಾಗುವ ಒಳಜೇಬಿನಲ್ಲಿ ಇಡಿ. ಬೆಚ್ಚಗಾದ ಮೇಲೆ ಸಾಮಾನ್ಯವಾಗಿ ಮತ್ತೆ ಆನ್ ಆಗುತ್ತದೆ. ಹೆಚ್ಚುವರಿ ಬ್ಯಾಟರಿಗಳ ಜಾಗವೂ ಅದೇ ಜೇಬು. ಕಾಶ್ಮೀರಿಗಳು ಮೈ ಕಾಯಿಸಿಕೊಳ್ಳುವ ಕಾಂಗ್ಡಿ ಅನ್ನುವ ಅಗ್ಗಿಷ್ಟಿಕೆಯ ಕೆಂಡದ ಪಕ್ಕ ಮಾತ್ರ ಇಡಬೇಡಿ.

ಉಳಿದದ್ದು: ತೆಳು ಒಳಗ್ಲೌಸ್, ಅದರ ಮೇಲೆ ದಪ್ಪ ಗ್ಲೌಸ್, ಲೆನ್ಸ್ ಹುಡ್, ಒಣ ಮೈಕ್ರೋಫೈಬರ್ ಬಟ್ಟೆ ಎರಡು, ಸಣ್ಣ ಬ್ರಶ್, ಕ್ಯಾಮೆರಾ ಹಿಡಿಸುವ ಜಿಪ್‌ಲಾಕ್ ಚೀಲ. ಟ್ರೈಪಾಡ್ ಒಯ್ದರೆ ಕಾಲುಗಳನ್ನು ಪೂರ್ತಿ ಅಗಲಿಸಿ ಆಳದ ಹಿಮಕ್ಕೆ ಒತ್ತಬೇಡಿ. ಕಾಲುಗಳು ಇನ್ನೂ ಹೊರಕ್ಕೆ ಜಗ್ಗಿ ಬುಡದಲ್ಲಿ ಮುರಿಯುತ್ತವೆ. ಸ್ವಲ್ಪ ಮುಚ್ಚಿಟ್ಟು ಒತ್ತಿ, ಅವೇ ಅಗಲವಾಗುತ್ತವೆ.

ಲೆನ್ಸ್ ಮುಂದೆ ಹಾಕಿ ತಿರುಗಿಸುವ, ಪ್ರತಿಫಲನ ಕಡಿಮೆ ಮಾಡಿ ಆಕಾಶ ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಇದ್ದರೆ ಇರಲಿ, ಪೂರ್ತಿ ತಿರುಗಿಸಬೇಡಿ. ಎತ್ತರದಲ್ಲಿ ಆಕಾಶ ಮೊದಲೇ ಗಾಢ ನೀಲಿ. ಪೋಲರೈಸರ್ ಅದನ್ನು ಕಪ್ಪಿನ ಹತ್ತಿರಕ್ಕೆ ಒಯ್ಯುತ್ತದೆ. ವೈಡ್ ಲೆನ್ಸ್‌ನಲ್ಲಂತೂ ಆಕಾಶದ ಒಂದು ಮೂಲೆ ಮಾತ್ರ ಕಪ್ಪಾಗಿ ಕೂರುತ್ತದೆ.

ಜಮ್ಮು ಕಾಶ್ಮೀರದಲ್ಲಿ ಹೊರಗಿನ ಪ್ರಿಪೇಯ್ಡ್ ಸಿಮ್ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಸೂರ್ಯನ ದಿಕ್ಕು ತೋರಿಸುವ ಆಪ್, ಮ್ಯಾಪ್ ಎಲ್ಲವನ್ನೂ ಮೊದಲೇ ಆಫ್‌ಲೈನ್ ಇಳಿಸಿಕೊಳ್ಳಿ. ಡ್ರೋನ್ ಮನೆಯಲ್ಲೇ ಬಿಡಿ. ಗುಲ್ಮಾರ್ಗ್ ನಿಯಂತ್ರಣ ರೇಖೆಗೆ ಹತ್ತಿರವಿದೆ. ಸೈನ್ಯದ ವಾಹನ, ಚೆಕ್‌ಪೋಸ್ಟ್ ಕಡೆ ಕ್ಯಾಮೆರಾ ಎತ್ತುವುದೂ ಬೇಡ.

## ಹಂತ 3: ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ

ಕಾಶ್ಮೀರದ ಕಡು ಚಳಿಯ ಕಾಲ ಚಿಲ್ಲಾಯ್ ಕಲಾನ್. ಡಿಸೆಂಬರ್ 21ಕ್ಕೆ ಶುರುವಾಗಿ 40 ದಿನ ಇರುತ್ತದೆ. ಹಾಗಂತ ಆ 40 ದಿನವೂ ಹಿಮ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. 2024ರ ಜನವರಿಯ ಬಹುಪಾಲು ಗುಲ್ಮಾರ್ಗ್‌ನಲ್ಲಿ ಕಂದು ಹುಲ್ಲೇ ಕಾಣುತ್ತಿತ್ತು. ಫೋಟೊಗಾಗಿಯೇ ಹೋಗುವವರು ಟಿಕೆಟ್ ಬುಕ್ ಮಾಡುವಾಗ ಒಂದೆರಡು ದಿನ ಹಿಂದೆಮುಂದೆ ಮಾಡಿಕೊಳ್ಳುವಷ್ಟು ಜಾಗ ಇಟ್ಟುಕೊಳ್ಳಬೇಕು. ಹಿಮ ಬಿದ್ದು ಮೋಡ ಸರಿದ ಮರುದಿನದ ಬೆಳಗ್ಗೆಗೆ ಸಮ ಬೇರೆ ಇಲ್ಲ.

ಈಗ ಬೆಳಕಿನ ವಿಷಯ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ಮಧ್ಯಾಹ್ನ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ. ಗುಲ್ಮಾರ್ಗ್‌ನಲ್ಲಿ ಅದೇ ಹೊತ್ತಿಗೆ ಸುಮಾರು 33 ಡಿಗ್ರಿ, ಅಷ್ಟೇ. ಅಂದರೆ ಆರಡಿ ಮನುಷ್ಯನ ನೆರಳು ನಡುಮಧ್ಯಾಹ್ನವೇ ಒಂಬತ್ತಡಿ ಉದ್ದ. ನಮ್ಮೂರಲ್ಲಿ ಹನ್ನೆರಡು ಗಂಟೆಗೆ ಕ್ಯಾಮೆರಾ ಚೀಲಕ್ಕೆ ಸೇರುತ್ತದೆ. ಅಲ್ಲಿ ಹಾಗೆ ಮಾಡಿದರೆ ಲಾಸ್. ಮಧ್ಯಾಹ್ನ ಸೂರ್ಯ ದಕ್ಷಿಣಕ್ಕಿರುತ್ತಾನೆ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿ ನಿಂತರೆ ಪಕ್ಕದ ಬೆಳಕು ತಾನಾಗಿ ಸಿಗುತ್ತದೆ.

ಈ ಪಕ್ಕದ ಬೆಳಕೇ ಹಿಮಕ್ಕೆ ಆಕಾರ ಕೊಡುವುದು. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಹಿಮದ ಉಬ್ಬುತಗ್ಗಿನ ನೆರಳೆಲ್ಲ ಅದರ ಹಿಂದೆಯೇ ಅಡಗಿಬಿಡುತ್ತದೆ, ಫೋಟೊದಲ್ಲಿ ಸಪಾಟು ಗೋಡೆ ಕಾಣುತ್ತದೆ. ಪಕ್ಕದಿಂದ ಬಂದರೆ ಗಾಳಿ ಎಳೆದ ಸಣ್ಣ ಗೆರೆಗೂ ಒಂದು ಕಪ್ಪು ಅಂಚು ಬರುತ್ತದೆ. ಎದುರಿನಿಂದ ಬಂದರೆ ಹಿಮದ ಹರಳು ಮಿನುಗುತ್ತವೆ, ದೇವದಾರು ಕೊಂಬೆಯಿಂದ ಉದುರುವ ಹಿಮದ ಪುಡಿ ಬೆಳಗುತ್ತದೆ.

ಹಿಮ ಹೊತ್ತ ಒಂದು ಬೇಲಿಗೂಟವನ್ನು ಹುಡುಕಿ, ಅದರ ಸುತ್ತ ಒಂದು ಸುತ್ತು ಬನ್ನಿ. ಗೂಟದ ತಲೆ ಮೇಲಿನ ಹಿಮದ ಟೋಪಿ ಒಂದು ಕಡೆಯಿಂದ ಬರೀ ಬಿಳಿ ಮುದ್ದೆ. ಕಾಲು ಸುತ್ತು ಸರಿದರೆ ಅದರಲ್ಲಿ ಮೂರು ಬಣ್ಣ: ಬಿಸಿಲಿನ ಕಡೆ ಕೆನೆ, ನೆತ್ತಿಯಲ್ಲಿ ಬಿಳಿ, ನೆರಳಿನ ಕಡೆ ತಿಳಿನೀಲಿ. ಇನ್ನೂ ಸರಿದು ಸೂರ್ಯನಿಗೆ ಎದುರಾದರೆ ಅಂಚಿಗೊಂದು ಬೆಳಕಿನ ದಾರ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ಕಲಿಯಲು ಈ ಒಂದು ಸುತ್ತು ಸಾಕು.

ಗುಲ್ಮಾರ್ಗ್‌ನ ಇನ್ನೊಂದು ಗುಟ್ಟು. ಅಫರ್ವತ್ ಶಿಖರ ಬಯಲಿನ ನೈರುತ್ಯಕ್ಕಿದೆ. ಹಾಗಾಗಿ ಮುಂಜಾನೆಯ ಮೊದಲ ಕೆಂಪು ಬೆಳಕು ಬೀಳುವುದು ಅದರ ನೆತ್ತಿಗೆ, ಬಯಲಿನ್ನೂ ನೀಲಿ ನೆರಳಲ್ಲಿರುವಾಗ. ಈ ಎರಡು ಬಣ್ಣದ ಫೋಟೊ ಬೇಕಿದ್ದರೆ ಏಳೂಕಾಲರ ಒಳಗೆ ಹೊರಗೆ ನಿಂತಿರಬೇಕು. ಡಿಸೆಂಬರ್ ಕೊನೆಯಲ್ಲಿ ಸೂರ್ಯೋದಯ ಸುಮಾರು ಏಳೂವರೆಗೆ. ಸಂಜೆ ಇದರ ಉಲ್ಟಾ. ಆಪ್ ಐದೂವರೆ ಹತ್ತಿರ ಸೂರ್ಯಾಸ್ತ ಅನ್ನುತ್ತದೆ, ಆದರೆ ಸೂರ್ಯ ಅದಕ್ಕೆ ಸಾಕಷ್ಟು ಮೊದಲೇ ಬೆಟ್ಟದ ಹಿಂದೆ ಹೋಗಿ ಬಯಲಿಗೆ ನೆರಳು ಕವಿದಿರುತ್ತದೆ. ಸಂಜೆಯ ಚಿನ್ನದ ಬಿಸಿಲು ನಂಬಿಕೊಂಡು ಚಹಾ ಕುಡಿಯುತ್ತಾ ಕೂತವರು ಅದನ್ನು ಕಳೆದುಕೊಳ್ಳುತ್ತಾರೆ.

ಆಕಾಶ ಪೂರ್ತಿ ಮೋಡವಾಗಿದ್ದರೆ ದೊಡ್ಡ ನೋಟಗಳನ್ನು ಮರೆತುಬಿಡಿ. ಒಂಟಿ ಮರ, ಮುಖಗಳು, ಕಾಡಿನ ಒಳಗು, ಇವುಗಳ ದಿನ ಅದು.

## ಹಂತ 4: ಎಕ್ಸ್‌ಪೋಶರ್ ಕಟ್ಟಿಹಾಕಿ

ಸೆನ್ಸರ್ ಹಿಡಿದದ್ದನ್ನು ತಿದ್ದದೆ ಹಾಗೇ ಉಳಿಸುವ ರಾ (RAW) ಫೈಲ್ ಆನ್ ಮಾಡಿ. ಜೆಪೆಗ್‌ನಲ್ಲಿ ಬಿಳಿಯ ಸೂಕ್ಷ್ಮ ಛಾಯೆಗಳು ಬೇಗ ಕಳೆದುಹೋಗುತ್ತವೆ.

ಫ್ರೇಮಿನ ತುಂಬ ಬಿಸಿಲು ಬಿದ್ದ ಹಿಮ ಇದ್ದರೆ +1ರಿಂದ ಶುರುಮಾಡಿ. ಮೋಡದ ದಿನ, ಎಲ್ಲ ಬಿಳಿ ಇದ್ದರೆ +1.3ರಿಂದ +2ರ ತನಕ ಹೋಗಬಹುದು. ಅರ್ಧ ಹಿಮ, ಅರ್ಧ ಕಡುಹಸಿರು ದೇವದಾರು ಇದ್ದರೆ +0.7 ಸಾಕು. ಇವು ಶುರುಮಾಡುವ ಅಂಕಿಗಳು, ಕೊನೆಯ ಮಾತಲ್ಲ. ಕೊನೆಯ ಮಾತು ಹಿಸ್ಟೋಗ್ರಾಮ್‌ನದು, ಅಂದರೆ ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ತೋರಿಸುವ ನಕ್ಷೆಯದು. ಅದರ ಗುಡ್ಡ ಬಲಕ್ಕೆ ಸರಿದಿರಬೇಕು, ಬಲಗೋಡೆಗೆ ಅಂಟಿರಬಾರದು. ಸುಟ್ಟ ಬಿಳಿಯನ್ನು (ವಿವರ ಪೂರ್ತಿ ಕಳೆದುಹೋದ ಬಿಳಿ) ಮಿನುಗಿಸಿ ತೋರಿಸುವ ಎಚ್ಚರಿಕೆಯನ್ನೂ ಆನ್ ಇಟ್ಟುಕೊಳ್ಳಿ. ಸೂರ್ಯನ ಸುತ್ತ, ಹರಳಿನ ಮಿಂಚಿನಲ್ಲಿ ಅದು ಮಿನುಗಿದರೆ ಪರವಾಗಿಲ್ಲ. ಇಳಿಜಾರೇ ಮಿನುಗಿದರೆ ಮೂರನೇ ಒಂದು ಸ್ಟಾಪ್, ಅಂದರೆ ಕಾಂಪೆನ್ಸೇಶನ್‌ನಲ್ಲಿ ಸುಮಾರು 0.3, ಇಳಿಸಿ.

ಬಿಸಿಲು ಬದಲಾಗದ ದಿನ ಮ್ಯಾನ್ಯುಯಲ್ ಮೋಡ್ ಇನ್ನೂ ಸಲೀಸು. ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100, ಲೆನ್ಸ್‌ನ ತೆರವು ಎಫ್/8, ಶಟರ್ 1/640 ಸೆಕೆಂಡ್ ಆಸುಪಾಸಿನಿಂದ ಶುರುಮಾಡಿ ಹಿಸ್ಟೋಗ್ರಾಮ್ ನೋಡಿ ತಿದ್ದಿ. ಒಮ್ಮೆ ಸರಿಯಾದರೆ ಫ್ರೇಮಿಗೆ ಕಪ್ಪು ಕೋಟು ಬಂದರೂ ಬಿಳಿ ಕುದುರೆ ಬಂದರೂ ಹಿಮದ ಬಣ್ಣ ಅಲುಗುವುದಿಲ್ಲ.

ಫೋನಿನವರಿಗೆ: ಹಿಮದ ಮೇಲೆ ಬೆರಳಿಟ್ಟು ಎಕ್ಸ್‌ಪೋಶರ್ ಲಾಕ್ ಆಗುವ ತನಕ ಒತ್ತಿಹಿಡಿಯಿರಿ, ಆಮೇಲೆ ಸ್ಲೈಡರನ್ನು ಮೇಲಕ್ಕೆ ಎಳೆಯಿರಿ. ಹಿಮ ಬಿಳಿಯಾಗಿ, ಅದರ ಗೆರೆಗಳು ಇನ್ನೂ ಕಾಣುತ್ತಿರುವಲ್ಲಿ ನಿಲ್ಲಿಸಿ. ಹಲವು ಎಕ್ಸ್‌ಪೋಶರ್ ಬೆರೆಸುವ ಫೋನ್‌ಗಳ ಎಚ್‌ಡಿಆರ್ ನೆರಳನ್ನೆಲ್ಲ ಎತ್ತಿ ಬೆಳಕಿಗೆ ಸಮ ಮಾಡುತ್ತದೆ. ನೀವು ಕಷ್ಟಪಟ್ಟು ಹುಡುಕಿದ ಪಕ್ಕದ ಬೆಳಕು ಅಲ್ಲಿಗೆ ಮುಗಿಯಿತು. ಎಲ್ಲವನ್ನೂ ಕೈಯಿಂದ ಹೊಂದಿಸುವ ಪ್ರೊ ಮೋಡ್ ಇದ್ದರೆ ಅದನ್ನೇ ಬಳಸಿ.

ಎಲ್ಲರೂ ಮಾಡುವ ತಪ್ಪು ಕಣ್ಣಳತೆ. ಹಿಮದ ಬೆಳಕಲ್ಲಿ ಸ್ಕ್ರೀನ್ ಕಪ್ಪಗೆ ಕಾಣುತ್ತದೆ, ಆಗ ಬೇಕಾದ್ದಕ್ಕಿಂತ ಜಾಸ್ತಿ ಎಕ್ಸ್‌ಪೋಶರ್ ಕೊಟ್ಟುಬಿಡುತ್ತೀರಿ. ಪೋಲರೈಸ್ಡ್ ತಂಪು ಕನ್ನಡಕ ಹಾಕಿದ್ದರೆ ಫೋನನ್ನು ಒಂದು ಕೋನದಲ್ಲಿ ಹಿಡಿದಾಗ ಸ್ಕ್ರೀನ್ ಪೂರ್ತಿ ಕಪ್ಪಾಗಲೂಬಹುದು. ಫೋನ್ ಕೆಟ್ಟಿಲ್ಲ, ತಿರುಗಿಸಿ ನೋಡಿ.

## ಹಂತ 5: ಹೆಜ್ಜೆ ಇಡುವ ಮುಂಚೆ ಫ್ರೇಮ್ ಕಟ್ಟಿ

ಹೊಸ ಹಿಮದಲ್ಲಿ ನಿಮಗೆ ಸಿಗುವುದು ಒಂದೇ ಅವಕಾಶ. ಒಮ್ಮೆ ನಡೆದ ಮೇಲೆ ಆ ನೆಲ ವಾಪಸ್ ಬರುವುದಿಲ್ಲ. ಆದ್ದರಿಂದ ಹೀಗೆ ಮಾಡಿ:

1. ಅಂಚಿನಲ್ಲೇ ನಿಂತು ಮೊದಲು ಅಗಲದ ಫೋಟೊಗಳನ್ನೆಲ್ಲ ಮುಗಿಸಿ.
2. ಒಳಗೆ ಹೋಗಲೇಬೇಕಾದರೆ ಬಳಸಿಕೊಂಡು ಹೋಗಿ. ನಿಮ್ಮ ದಾರಿ ಫ್ರೇಮಿನ ಹೊರಗಿರಲಿ.
3. ಹೆಜ್ಜೆಗುರುತು ಬೇಕಿದ್ದರೆ ಒಬ್ಬರನ್ನೇ, ಒಂದೇ ಸಲ, ನೀವು ತೋರಿಸಿದ ಗೆರೆಯಲ್ಲಿ ನಡೆಸಿ. ಫ್ರೇಮಿನ ಕೆಳಮೂಲೆಯಿಂದ ಹೊರಟು ಒಳಕ್ಕೆ ಬಾಗುವ ಗೆರೆ ಚೆಂದ.
4. ಮಕ್ಕಳನ್ನು ಕೊನೆಗೆ ಬಿಡಿ. ಆಮೇಲೆ ಹೇಗೂ ಏನೂ ಉಳಿಯುವುದಿಲ್ಲ.

ಗಂಡೋಲ (ಬೆಟ್ಟಕ್ಕೆ ಒಯ್ಯುವ ಕೇಬಲ್ ಕಾರ್) ಹತ್ತುವ ಕಡೆ ಹೊತ್ತೇರಿದ ಮೇಲೆ ಜನಜಾತ್ರೆ. ಸ್ಲೆಡ್ಜ್, ಕುದುರೆ, ಹಿಮದ ಬೈಕು. ಖಾಲಿ ಬಯಲು ಬೇಕಿದ್ದವರಿಗೆ ಬೆಳಗಿನ ಮೊದಲೆರಡು ಗಂಟೆಯೇ ಗತಿ.

ಹಿಮ ನೆಲದ ಕಸವನ್ನೆಲ್ಲ ಮುಚ್ಚಿ ಅರ್ಧ ಕೆಲಸ ಮಾಡಿಕೊಡುತ್ತದೆ. ಉಳಿದರ್ಧ ಒಂದು ಕಪ್ಪು ವಸ್ತು ಹುಡುಕುವುದು. ಮರ, ಬೇಲಿ, ಗುಡಿಸಲು, ಗುಡ್ಡದ ಮೇಲಿನ 1902ರ ಸೇಂಟ್ ಮೇರಿ ಚರ್ಚ್, ದೂರದಲ್ಲಿ ನಡೆಯುವ ಒಬ್ಬ ಮನುಷ್ಯ. ಬಿಳಿಯಲ್ಲಿ ಕಣ್ಣು ಮೊದಲು ಹೋಗುವುದು ಕಪ್ಪಿಗೆ. ಅಂಥದ್ದು ಒಂದಿದ್ದರೆ ಫೋಟೊ ನಿಲ್ಲುತ್ತದೆ. ಐದಾರು ಅಲ್ಲಲ್ಲಿ ಚೆಲ್ಲಿದ್ದರೆ ಕಣ್ಣು ಅಲೆದಾಡುತ್ತದೆ. ಅದನ್ನು ನಟ್ಟನಡುವೆ ಇಡುವ ಬದಲು ಪಕ್ಕಕ್ಕೆ ಸರಿಸಿ, ಅದರ ನೆರಳು ಬೀಳುವ ದಿಕ್ಕಿಗೆ ಜಾಗ ಬಿಡಿ. ಉದ್ದ ನೆರಳು ತಾನೇ ಒಂದು ಗೆರೆ ಅಲ್ವಾ, ಅದನ್ನು ಕತ್ತರಿಸಬಾರದು.

ಮೋಡದ ದಿನ ಆಕಾಶವೂ ಹಿಮವೂ ಒಂದೇ ಬಿಳಿಯಾಗಿ ನಡುವಿನ ಗೆರೆ ಅಳಿಸಿಹೋಗುತ್ತದೆ. ಆಗ ಎರಡೇ ದಾರಿ. ಆಕಾಶವನ್ನು ಪೂರ್ತಿ ಬಿಟ್ಟುಬಿಡಿ, ಇಲ್ಲವೇ ಫ್ರೇಮಿನ ಮುಕ್ಕಾಲು ಭಾಗ ಬಿಳಿಯಾಗಿಸಿ ಒಂಟಿ ಮರವೊಂದನ್ನೇ ಇಡಿ. ನಡುವಿನದು ಯಾವುದೂ ಸರಿಬರುವುದಿಲ್ಲ.

ಬಾನು ತಿಳಿಯಾಗಿದ್ದರೆ ಉತ್ತರದಲ್ಲಿ 8,126 ಮೀಟರ್‌ನ ನಂಗಾ ಪರ್ಬತ್ ಕಾಣುತ್ತದೆ. ವೈಡ್ ಲೆನ್ಸ್‌ನಲ್ಲಿ ಅದು ಚುಕ್ಕಿ. 200 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬೇಕು, ಮುಂದೆ ದೇವದಾರು ಸಾಲೊಂದು ಇರಲಿ.

## ಹಂತ 6: ಹಿಮ ಬೀಳುತ್ತಿರುವಾಗ

ಬಿಳಿ ಆಕಾಶದ ಎದುರು ಬೀಳುವ ಹಿಮ ಕಾಣುವುದೇ ಇಲ್ಲ. ಹಿಂದೆ ಕಪ್ಪು ಬೇಕು, ಅಂದರೆ ದೇವದಾರು ಕಾಡು, ಹೋಟೆಲಿನ ಮರದ ಗೋಡೆ, ಅಂಗಡಿಯ ಒಳಗತ್ತಲು. ಹಿಮದ ಎಸಳುಗಳು ಚುಕ್ಕಿಗಳಾಗಿ ನಿಲ್ಲಬೇಕಾದರೆ 1/250 ಅಥವಾ ಇನ್ನೂ ವೇಗದ ಶಟರ್, ಗೆರೆಗಳಾಗಿ ಎಳೆಯಬೇಕಾದರೆ 1/60ರಿಂದ 1/30.

ಆಟೋಫೋಕಸ್ ಹತ್ತಿರದ ಎಸಳಿಗೆ ಸಿಕ್ಕಿಬಿದ್ದು ಒದ್ದಾಡುತ್ತದೆ. ಒಂದೇ ಫೋಕಸ್ ಬಿಂದು ಇಟ್ಟು ಮರದ ಕಾಂಡಕ್ಕೆ ಹಿಡಿದು ಲಾಕ್ ಮಾಡಿ. ಫ್ಲ್ಯಾಶ್ ಹಾರಿಸಿದರೆ ಲೆನ್ಸ್ ಹತ್ತಿರದ ಎಸಳುಗಳು ದೊಡ್ಡ ಬಿಳಿ ಉಂಡೆಗಳಾಗುತ್ತವೆ. ಕತ್ತಲಾದ ಮೇಲೆ ಒಂದೆರಡು ಫೋಟೊಗೆ ಅದು ಮಜಾ, ಹಗಲಿಗೆ ಬೇಡ. ಲೆನ್ಸ್ ಮೇಲೆ ಹಿಮ ಕೂತರೆ ಬಾಯಿಂದ ಊದಬೇಡಿ. ಉಸಿರಿನ ಹಬೆ ಗಾಜಿಗೆ ಹೆಪ್ಪುಗಟ್ಟುತ್ತದೆ. ಬ್ರಶ್ ಇರುವುದು ಅದಕ್ಕೇ.

## ಹಂತ 7: ಜನರ ಫೋಟೊ

ಮನೆಯವರ ಮುಖ ಕಪ್ಪಗೆ ಬಂತು ಅನ್ನುವುದು ಇನ್ನೊಂದು ಮಾಮೂಲಿ ದೂರು. ಹಿಂದಿನ ಹಿಮ ಮೀಟರನ್ನು ಎಳೆದುಕೊಂಡಿರುತ್ತದೆ. ಒಂದೇ ಸಣ್ಣ ಜಾಗದ ಬೆಳಕು ಅಳೆಯುವ ಸ್ಪಾಟ್ ಮೀಟರ್ ಹಾಕಿ ಮುಖಕ್ಕೇ ಅಳತೆ ಹಿಡಿಯಿರಿ. ಕಂದು ಮೈಬಣ್ಣ ಮಧ್ಯಮ ಬೂದು ಬಣ್ಣಕ್ಕೆ ಸಾಕಷ್ಟು ಹತ್ತಿರ, ಹಾಗಾಗಿ ಹೆಚ್ಚು ತಿದ್ದುವುದೇ ಬೇಕಿಲ್ಲ. ಸೂರ್ಯನನ್ನು ಅವರ ಬೆನ್ನಿಗೆ ಬಿಡಿ. ಎದುರಿನ ಹಿಮವೇ ಕೆಳಗಿನಿಂದ ಬೆಳಕು ಎಸೆದು ಗಲ್ಲದ ಕೆಳಗಿನ ನೆರಳು ತುಂಬುತ್ತದೆ. ಸೂರ್ಯನಿಗೆ ಮುಖಮಾಡಿಸಿದರೆ ಎಲ್ಲರ ಕಣ್ಣೂ ಕಿರಿದಾಗುತ್ತದೆ.

ಸ್ಲೆಡ್ಜ್ ಎಳೆಯುವವರು, ಫೆರನ್ (ಕಾಶ್ಮೀರದ ಉದ್ದ ಸಡಿಲ ನಿಲುವಂಗಿ) ತೊಟ್ಟ ಹಿರಿಯರು ಒಳ್ಳೆಯ ಫೋಟೊಗಳೇ. ಮೊದಲು ಕೇಳಿ. ಅವರು ಅಲ್ಲಿ ಕೆಲಸದಲ್ಲಿದ್ದಾರೆ.

## ಹಂತ 8: ಬಣ್ಣ

ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೊದ ಬಣ್ಣ ಹೊಂದಿಸುವುದು) ಆಟೋದಲ್ಲಿ ಬಿಟ್ಟರೆ ಮುಂಜಾನೆಯ ಕೆಂಪನ್ನೂ ಸಂಜೆಯ ನೀಲಿಯನ್ನೂ ಅದು ತೊಳೆದುಹಾಕುತ್ತದೆ. ಡೇಲೈಟ್, ಅಂದರೆ ಸುಮಾರು 5,500 ಕೆಲ್ವಿನ್‌ಗೆ ಕಟ್ಟಿ. ಇಡೀ ಫ್ರೇಮ್ ನೆರಳಲ್ಲಿದ್ದು ವಿಪರೀತ ನೀಲಿಯಾದರೆ 6,500 ಅಥವಾ 7,000ಕ್ಕೆ ಏರಿಸಿ.

ನೆರಳಿನ ಹಿಮ ನೀಲಿಯಾಗಿರುವುದು ದೋಷವಲ್ಲ. ನೆರಳಿಗೆ ಬಿಸಿಲು ತಾಗುವುದಿಲ್ಲ, ನೀಲಿ ಆಕಾಶದ ಬೆಳಕು ಮಾತ್ರ ತಾಗುತ್ತದೆ. ಬಿಸಿಲಿನ ಹಿಮವೂ ನೀಲಿಯಾಗಿದ್ದರೆ ಅದು ದೋಷ. ನನ್ನನ್ನು ಕೇಳಿದರೆ, ನೆರಳಿನ ನೀಲಿ ಪೂರ್ತಿ ತೆಗೆದ ಹಿಮ ಥರ್ಮೋಕೋಲಿನ ಹಾಗೆ ಕಾಣುತ್ತದೆ.

ಎದ್ದು ಕಾಣುವ ಬಣ್ಣ ಫ್ರೇಮಿಗೆ ಒಂದು ಸಾಕು, ಅದೂ ಸಣ್ಣದು. ಕೆಂಪು ಶಾಲು, ಹಳದಿ ಕೊಡೆ. ಬಾಡಿಗೆಗೆ ಸಿಗುವ ಕಣ್ಣುಕುಕ್ಕುವ ಕೋಟುಗಳಲ್ಲಿ ಇಡೀ ಬಳಗ ಸಾಲಾಗಿ ನಿಂತರೆ ಹಿಂದಿನ ಬೆಟ್ಟವನ್ನು ಯಾರೂ ನೋಡುವುದಿಲ್ಲ. ಗದ್ದಲವಿಲ್ಲದ ಬಣ್ಣ ಬೇಕಿದ್ದರೆ ಶ್ರೀನಗರದಿಂದ ಗುಲ್ಮಾರ್ಗ್ ಬೆಟ್ಟದ ಬುಡದ ಊರಾದ ತಂಗ್ಮಾರ್ಗ್‌ಗೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಿ. ಎಲೆ ಉದುರಿಸಿದ ವಿಲೋ ಕಡ್ಡಿಗಳ ಕಿತ್ತಳೆಗಂದು ಹಿಮದ ನೀಲಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಸೂರ್ಯ ಮುಳುಗಿದ ಮೇಲಿನ ಸುಮಾರು ಅರ್ಧ ಗಂಟೆ ಬಿಡಬೇಡಿ. ಹಿಮ ನೀಲಿ, ಕಿಟಕಿಗಳು ಹಳದಿ. ಎರಡೂ ಸಮ ಬೆಳಕಿಗೆ ಬರುವ ಹೊತ್ತು ಕೆಲವೇ ನಿಮಿಷ. ಟ್ರೈಪಾಡ್ ಮೊದಲೇ ಹೂಡಿ ಕಾಯಿರಿ.

## ಎಚ್ಚರಿಕೆಯ ಚಿಹ್ನೆಗಳು

- ಬೆರಳ ತುದಿ ಬೆಳ್ಳಗಾಗಿ ಜೋಮು ಹಿಡಿದರೆ ಫೋಟೊ ಸಾಕು. ಒಳಗೆ ಹೋಗಿ ನಿಧಾನಕ್ಕೆ ಬೆಚ್ಚಗೆ ಮಾಡಿಕೊಳ್ಳಿ, ಉಜ್ಜಬೇಡಿ.
- ಇಳಿಜಾರಿನಲ್ಲಿ ಕಾಲಿಟ್ಟಾಗ ಹಿಮ ಧೊಪ್ಪನೆ ಕುಸಿದ ಸದ್ದು ಬಂದರೆ, ಬಿರುಕು ಓಡಿದರೆ, ಅದು ಹಿಮಕುಸಿತದ ಸೂಚನೆ. ಗಂಡೋಲದ ಎರಡನೇ ಹಂತದಲ್ಲಿ ಅಫರ್ವತ್ ಕಡೆ ಹೋದವರು ಗುರುತು ಹಾಕಿದ ಗಡಿ ದಾಟಲೇಬಾರದು.
- ಕಣ್ಣಲ್ಲಿ ಮರಳು ಬಿದ್ದಂತೆ ಉರಿದರೆ ಹಿಮದ ಬೆಳಕು ಕಣ್ಣನ್ನು ಸುಟ್ಟಿದೆ ಅಂತ ಅರ್ಥ. ಮೋಡದ ದಿನವೂ ಕನ್ನಡಕ ಬೇಕು.
- ಗಾಳಿ ಎದ್ದರೆ ಗಂಡೋಲ ನಿಲ್ಲುತ್ತದೆ. ಮೇಲಿರುವಾಗ ಕೊನೆಯ ಕ್ಯಾಬಿನ್‌ಗೆ ಕಾಯಬೇಡಿ.
- ಹೆಪ್ಪುಗಟ್ಟಿದ ಕೆರೆ, ದಾಲ್ ಸರೋವರದ ಅಂಚು ಎಷ್ಟೇ ಗಟ್ಟಿ ಕಂಡರೂ ಮೇಲೆ ನಿಲ್ಲಬೇಡಿ.

## ಹಂತ 9: ಒಳಗೆ ಬರುವಾಗ

ತಣ್ಣಗಿನ ಕ್ಯಾಮೆರಾವನ್ನು ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಯುವ ಕೋಣೆಗೆ ಹಾಗೇ ತಂದರೆ ಒಳಗಿನ ಗಾಜಿಗೂ ಸರ್ಕ್ಯೂಟಿಗೂ ನೀರು ಕೂರುತ್ತದೆ. ಹೊರಗೆ ಇರುವಾಗಲೇ ಮೆಮೊರಿ ಕಾರ್ಡ್, ಬ್ಯಾಟರಿ ತೆಗೆದುಕೊಳ್ಳಿ, ಆಮೇಲೆ ಕ್ಯಾಮೆರಾವನ್ನು ಜಿಪ್‌ಲಾಕ್ ಚೀಲದಲ್ಲಿಟ್ಟು ಗಾಳಿ ಹೊರಹಾಕಿ ಮುಚ್ಚಿ. ನೀರಹನಿ ಚೀಲದ ಹೊರಗೆ ಕೂರುತ್ತದೆ. ಒಂದೆರಡು ಗಂಟೆ ಬಿಟ್ಟು ತೆರೆಯಿರಿ. ಕಾರ್ಡ್ ಕೈಯಲ್ಲಿರುವುದರಿಂದ ಫೋಟೊ ನೋಡಲು ಕಾಯಬೇಕಿಲ್ಲ. ಬೇಗ ಒಣಗಲಿ ಅಂತ ಹೀಟರ್ ಮುಂದೆ ಇಡುವುದು ಬೇಡ.

## ಹಂತ 10: ಎಡಿಟಿಂಗ್

ಮೊದಲು ವೈಟ್ ಬ್ಯಾಲೆನ್ಸ್, ಆಮೇಲೆ ಎಕ್ಸ್‌ಪೋಶರ್, ಆಮೇಲೆ ವೈಟ್ಸ್ ಮತ್ತು ಬ್ಲ್ಯಾಕ್ಸ್, ಅಂದರೆ ಅತಿ ಬಿಳಿ ಮತ್ತು ಅತಿ ಕಪ್ಪು ಭಾಗಗಳ ಸ್ಲೈಡರ್‌ಗಳು. ಬೆಳಗುವ ಭಾಗಗಳನ್ನು ತಗ್ಗಿಸುವ ಹೈಲೈಟ್ಸ್ ಸ್ಲೈಡರನ್ನು ಕೊನೆಯ ತನಕ ಎಡಕ್ಕೆ ಎಳೆಯುವುದು ಬಹಳ ಜನರ ಅಭ್ಯಾಸ. ಅಲ್ಲಿ ಹಿಮ ಮತ್ತೆ ಬೂದು ಆಗುತ್ತದೆ, ಮೊದಲ ಹಂತದ ಪಂಚೆಯ ಗತಿಯೇ. −20, −30ರಲ್ಲಿ ನಿಲ್ಲಿಸಿ. ನೀಲಿ ಜಾಸ್ತಿಯಾಗಿದ್ದರೆ ಇಡೀ ಫೋಟೊವನ್ನು ಹಳದಿಗೆ ತಳ್ಳಬೇಡಿ, ನೀಲಿ ಬಣ್ಣದ ಸ್ಯಾಚುರೇಶನ್ ಮಾತ್ರ ಸ್ವಲ್ಪ ಇಳಿಸಿ. ಅಂಚುಗಳನ್ನು ಎದ್ದು ಕಾಣಿಸುವ ಕ್ಲಾರಿಟಿ ಜಾಸ್ತಿ ಕೊಟ್ಟರೆ ಹಿಮ ಸಿಮೆಂಟಿನಂತಾಗುತ್ತದೆ.

ಬಿಸಿಲಿನ ಹಿಮದ ಮೇಲೆ ಕರ್ಸರ್ ಇಟ್ಟು ಅಂಕಿ ನೋಡಿ. 0 ಅಂದರೆ ಕಪ್ಪು, 255 ಅಂದರೆ ಶುದ್ಧ ಬಿಳಿ; ಈ ಅಳತೆಯಲ್ಲಿ 235ರಿಂದ 245ರ ನಡುವೆ ಇದ್ದರೆ ಬಿಳಿಯೂ ಇದೆ, ಗೆರೆಗಳೂ ಉಳಿದಿವೆ. ಪ್ರಿಂಟ್ ಹಾಕಿಸುವವರು ಇದನ್ನು ಎರಡು ಸಲ ನೋಡಿಕೊಳ್ಳಿ. 255 ಇರುವ ಕಡೆ ಪ್ರಿಂಟರ್ ಶಾಯಿಯನ್ನೇ ಹಾಕುವುದಿಲ್ಲ, ಅಲ್ಲಿ ಬರೀ ಕಾಗದ ಕಾಣುತ್ತದೆ. ದೊಡ್ಡ ಪ್ರಿಂಟ್‌ಗೆ ಕೊಡುವ ಮುಂಚೆ ಸಣ್ಣದೊಂದು ಹಾಕಿಸಿ, ಕಿಟಕಿಯ ಬೆಳಕಲ್ಲಿ ನೋಡಿ, ಆಮೇಲೆ ದುಡ್ಡು ಕೊಡಿ.